ಖಾಲಿ ಹೊಟ್ಟೆಯ ಕಂಪ್ಯೂಟರ್

ನಂಬುವವರು ನಂಬಿ, ನಂಬದವರು ಪಕ್ಕದಲ್ಲಿ ಕೂತವರನ್ನು ಕೇಳಿ. ಕಂಪ್ಯೂಟರಿಗೆ ವಾರ ಪೂರ್ತಿ ಉಪವಾಸ ಹಾಕಿದ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ. ಅವನು ನಮ್ಮ ಪ್ಲಗ್ಗಣ್ಣ.

ಪ್ಲಗ್ಗಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಧೂಳು ತಿನ್ನುತ್ತಿತ್ತು. ಜನನ ಮರಣ ನೋಂದಣಿ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಯಾರು ಬಂದು "ಕಂಪ್ಯೂಟರ್ ಕೆಟ್ಟಿದೆ" ಅಂದರೂ ತಲೆ ಎತ್ತದೆ, "ಪ್ಲಗ್ಗು ಹಾಕಿದೆಯಾ ನೋಡಿದ್ರಾ?" ಎಂದು ಕೇಳುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಹಾಕಿರುತ್ತಿರಲಿಲ್ಲ. ಹತ್ತನೆಯ ಸಲ ಏನು ಮಾಡಬೇಕೆಂಬುದು ಅವನಿಗೂ ಗೊತ್ತಿರಲಿಲ್ಲ. ಪ್ಲಗ್ಗು ಕಿತ್ತು, ಎರಡು ಸಲ ಉಸಿರು ಬಿಟ್ಟು, ಮತ್ತೆ ಹಾಕುತ್ತಿದ್ದ. ಈ ಒಂದು ವಿದ್ಯೆಯ ಬಲದಿಂದ ಹದಿನೆಂಟು ವರ್ಷ ಕುರ್ಚಿ ಅಲ್ಲಾಡದಂತೆ ಕೂತಿದ್ದ.

ಕಚೇರಿ ಅಂದರೆ ಒಂದೇ ದೊಡ್ಡ ಹಜಾರ. ಎಡಗಡೆ ಹುಟ್ಟಿದವರ ಮೂರು ಕೌಂಟರ್, ಬಲಗಡೆ ಸತ್ತವರ ಮೂರು ಕೌಂಟರ್, ನಡುವೆ ಇನ್ನೂ ಬದುಕಿರುವವರು ಕೂರಲು ಎರಡು ಬೆಂಚು. ಎಡಗಡೆಯ ಯಜಮಾನಿಕೆ ಜನನದಕ್ಕನದು, ಬಲಗಡೆಯದು ಮರಣದಣ್ಣನದು. ದಿನವಿಡೀ ಹುಟ್ಟಿನ ಸುದ್ದಿ ಬರೆಯುವ ಜನನದಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ದಿನವಿಡೀ ಸಾವು ಬರೆಯುವ ಮರಣದಣ್ಣ ಮಾತ್ರ ಸದಾ ನಗುಮುಖ. ಹಿಂದಿನ ಸಣ್ಣ ಕೋಣೆಯಲ್ಲಿ ಆರೂ ಕೌಂಟರಿಗೆ ಉತ್ತರ ಹೇಳುವ ದೊಡ್ಡ ಕಂಪ್ಯೂಟರ್ ಇತ್ತು. ಅದನ್ನು ಎಲ್ಲರೂ ಅಜ್ಜಪ್ಪ ಎನ್ನುತ್ತಿದ್ದರು. ಕೌಂಟರಿನವರು ಗುಂಡಿ ಒತ್ತಿದರೆ ಅಜ್ಜಪ್ಪ ಗೊರಗೊರ ಅಂದು, ಒಂದಿಷ್ಟು ಯೋಚನೆ ಮಾಡಿ, ಕೊನೆಗೆ ಸರ್ಟಿಫಿಕೇಟ್ ಕಳಿಸುತ್ತಿತ್ತು. ಎಷ್ಟು ಹೊತ್ತಾಯಿತು ಅಂತ ಯಾರೂ ನೋಡಿರಲಿಲ್ಲ. ಬಂತಲ್ಲ, ಅಷ್ಟು ಸಾಕು.

ಹೊತ್ತು ನೋಡುವವರು ಒಂದು ದಿನ ಮುಖ್ಯ ಕಚೇರಿಯಿಂದ ಬಂದರು. ಚಿಕ್ಕ ವಯಸ್ಸಿನ ಅಧಿಕಾರಿ. ಕೈಯಲ್ಲಿ ಯಾವಾಗಲೂ ಏರುವ ಇಳಿಯುವ ಗೆರೆಗಳ ಕಾಗದ ಹಿಡಿದಿರುತ್ತಿದ್ದರಿಂದ ಅವರು ಬಂದ ಅರ್ಧ ಗಂಟೆಯಲ್ಲೇ ಗ್ರಾಫ್ ಮೇಡಂ ಆಗಿಬಿಟ್ಟರು. ಜೊತೆಗೆ ಒಂದು ಪೆಟ್ಟಿಗೆ ತಂದಿದ್ದರು. ಅದಕ್ಕೆ ಮೂರು ದೀಪ, ಒಂದು ಸೈರನ್.

"ನೋಡಿ, ಬೇಸ್‌ಲೈನ್ ಅಂದ್ರೆ ದೊಡ್ಡ ವಿಷಯ ಏನಲ್ಲ," ಅಂದರು ಮೇಡಂ. "ಗುಂಡಿ ಒತ್ತಿದ ಮೇಲೆ ಸರ್ಟಿಫಿಕೇಟ್ ಬರೋಕೆ ದಿನಾ ಎಷ್ಟು ಸೆಕೆಂಡ್ ಹಿಡಿಯುತ್ತೆ ಅನ್ನೋ ಅಳತೆ. ಒಂದು ವಾರ ಅಳೆದು ಬರ್ಕೊಳ್ಳಿ. ಅದೇ ನಿಮ್ಮ ಬೇಸ್‌ಲೈನ್. ಅದರೊಳಗೆ ಬಂದ್ರೆ ಹಸಿರು ದೀಪ. ದಾಟಿದ್ರೆ ಹಳದಿ. ಎರಡರಷ್ಟು ದಾಟಿದ್ರೆ ಕೆಂಪು, ಸೈರನ್ ಕೂಗುತ್ತೆ. ಏನೋ ಕೆಟ್ಟಿದೆ ಅಂತ ಆಗ ಎಲ್ಲರಿಗೂ ಗೊತ್ತಾಗುತ್ತೆ. ಅರ್ಥ ಆಯ್ತಾ?"

"ಆಯ್ತು ಮೇಡಂ," ಅಂದ ಪ್ಲಗ್ಗಣ್ಣ. ಅವನಿಗೆ ಅರ್ಥವಾದದ್ದು ಅವರು ಕೊಟ್ಟ ಕಾಗದದ ಕೊನೆಯ ಸಾಲು ಮಾತ್ರ. ಅಲ್ಲಿ ಅವನ ಹೆಸರಿನ ಮುಂದೆ 'ಬೇಸ್‌ಲೈನ್ ಜವಾಬ್ದಾರಿ ಅಧಿಕಾರಿ' ಎಂದಿತ್ತು. ಹದಿನೆಂಟು ವರ್ಷದಲ್ಲಿ ಅವನನ್ನು ಯಾರೂ ಅಧಿಕಾರಿ ಅಂದಿರಲಿಲ್ಲ. ಪ್ಲಗ್ಗು ಅಂದಿದ್ದರು, ಅಷ್ಟೇ.

ಆ ಸಂಜೆ ನಮ್ಮ ಹೊಸ ಅಧಿಕಾರಿಗಳು ಮನೆಗೆ ನಡೆದು ಬಂದ ಗತ್ತು ನೋಡಿ ಬೀದಿಯ ನಾಯಿ ಕೂಡ ಎದ್ದು ನಿಂತಿತು. ಎದುರುಮನೆ ಟೈಲರ್ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಬಂದು ಕಾಗದ ಓದಿದ.

"ಅಳತೆ ತಗೊಳ್ಳೋ ಅಧಿಕಾರಿನಾ? ನಾನು ಮೂವತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಲ್ಲಪ್ಪ, ನನಗ್ಯಾರೂ ಕಾಗದ ಕೊಡ್ಲಿಲ್ಲ!"

"ನಿನ್ನದು ಬಟ್ಟೆ ಅಳತೆ. ಇದು ಕಾಲದ ಅಳತೆ," ಅಂದ ಪ್ಲಗ್ಗಣ್ಣ, ಕಾಲಕ್ಕೆ ತಾನೇ ಗುತ್ತಿಗೆದಾರ ಅನ್ನುವ ಹಾಗೆ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಕರೆಗಂಟೆ ಒತ್ತಿದರೆ ಬಾಗಿಲು ತೆಗೆಯಲು ಹೆಂಡತಿಗೆ ಎಷ್ಟು ಸೆಕೆಂಡ್, ಚಹಾ ಬರಲು ಎಷ್ಟು ನಿಮಿಷ, ಎಲ್ಲ ಬರೆದ. ಮರುದಿನ ಬೆಳಿಗ್ಗೆ ಸ್ನಾನದ ಮನೆಯ ಹೊರಗೆ ಗಡಿಯಾರ ಹಿಡಿದು ನಿಂತು, "ಅತ್ತೆ, ಹದಿನೇಳು ನಿಮಿಷ ಆಯ್ತು!" ಎಂದು ಕೂಗಿದ.

ಒಳಗಿಂದ ಚೊಂಬು ಬಾಗಿಲಿಗೆ ಬಡಿದ ಸದ್ದು ಬಂತು. "ಅಳಿಯಂದಿರೇ, ನನ್ನ ಅಳತೆ ತಗೊಳ್ಳೋಕೆ ನಿಮ್ಮ ಮಾವನಿಗೇ ಧೈರ್ಯ ಇರ್ಲಿಲ್ಲ. ಆಚೆ ಬಂದ್ರೆ ನಿಮ್ಮ ಗಡಿಯಾರ ನೀರಲ್ಲಿ ಮುಳುಗುತ್ತೆ, ನೆನಪಿರ್ಲಿ!"

ಮನೆಯ ಬೇಸ್‌ಲೈನ್ ಅಲ್ಲಿಗೇ ನಿಂತಿತು. ಕಚೇರಿಯದು ಶುರುವಾಯಿತು.

ಅಳತೆಗೆ ಮುಂಚಿನ ಶನಿವಾರ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಎಲ್ಲರನ್ನೂ ಕೋಣೆಗೆ ಕರೆದರು. ಸಾಹೇಬರಿಗೆ ಮುಖ್ಯ ಕಚೇರಿ ಅನ್ನುವ ಎರಡು ಶಬ್ದ ಕಿವಿಗೆ ಬಿದ್ದರೆ ಅಂಗೈ ಬೆವರುತ್ತಿತ್ತು.

"ಮರ್ಯಾದೆ ಪ್ರಶ್ನೆ ಕಣಯ್ಯಾ. ನಂಬರ್ ಚೆನ್ನಾಗಿ ಬರ್ಬೇಕು. ಏನ್ ಮಾಡೋಣ?"

ಆಗ ಮರಣದಣ್ಣ ನಗುತ್ತ ಬಾಯಿ ಬಿಟ್ಟ. ಇಷ್ಟೂ ರಾಮಾಯಣ ಹುಟ್ಟಿದ್ದು ಆ ಬಾಯಿಂದಲೇ.

"ಹೋದ ತಿಂಗಳು ನಾನು ಸಕ್ಕರೆ ಕಾಯಿಲೆ ಇದೆಯಾ ಅಂತ ರಕ್ತ ಕೊಟ್ಟೆ ಸಾರ್. ಖಾಲಿ ಹೊಟ್ಟೇಲಿ ಬಾ ಅಂದ್ರು ಡಾಕ್ಟ್ರು. ತಿಂದು ಹೋದ್ರೆ ಅಳತೆ ತಪ್ಪು ಬರುತ್ತಂತೆ. ಕಂಪ್ಯೂಟರ್‌ಗೂ ಅದೇ ಲೆಕ್ಕ ಅಲ್ವಾ? ಅಜ್ಜಪ್ಪನ್ನ ಖಾಲಿ ಹೊಟ್ಟೇಲಿ ಅಳೀಬೇಕು."

ಕೋಣೆಯಲ್ಲಿ ಎಲ್ಲರೂ ತಲೆದೂಗಿದರು. ಪ್ಲಗ್ಗಣ್ಣನಿಗಂತೂ ವೈದ್ಯಶಾಸ್ತ್ರ ಮತ್ತು ಕಂಪ್ಯೂಟರ್ ಶಾಸ್ತ್ರ ಎರಡೂ ಒಂದೇ ಸಲ ಬೆಳಕಾದವು. "ಹೌದಲ್ವಾ! ಹೊಟ್ಟೆ ತುಂಬ ಕೆಲಸ ಹಾಕಿ ಅಳೆದ್ರೆ ಅದರ ನಿಜವಾದ ಆರೋಗ್ಯ ಹೇಗೆ ಗೊತ್ತಾಗುತ್ತೆ?" ಅಂದ.

ಸೋಮವಾರದಿಂದ ಅಜ್ಜಪ್ಪನಿಗೆ ಉಪವಾಸ ಶುರುವಾಯಿತು. ಜನನದಕ್ಕ ತನ್ನ ಮೂರೂ ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಆಸ್ಪತ್ರೆಯಿಂದ ಬಂದ ಪಟ್ಟಿಯಲ್ಲಿ ಹುಟ್ಟಿದವರನ್ನೆಲ್ಲ ಹಳೇ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದಳು. ಮರಣದಣ್ಣ ಬರೆಯಲೂ ಇಲ್ಲ. ಸತ್ತವರು ದೂರು ಕೊಡುವುದಿಲ್ಲ ಎಂಬ ಧೈರ್ಯ ಅವನಿಗೆ. ಹಾಗೂ ಬಂದುಬಿಡುವ ಜನರಿಗೆ ಗೇಟಿನ ತಾತ ಇದ್ದ. ಮೀಸೆ ತಿರುವುತ್ತ ಅವನು ಹೇಳುತ್ತಿದ್ದದ್ದು ಒಂದೇ ಮಾತು.

"ಹುಟ್ಟಿದವರು ಮುಂದಿನ ವಾರ ಬನ್ನಿ. ಸತ್ತವರಿಗಂತೂ ಅವಸರ ಇಲ್ಲ."

ಗಾರೆ ಮೇಸ್ತ್ರಿಯೊಬ್ಬ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೈಮುಗಿದ. "ಮಗಳನ್ನ ಶಾಲೆಗೆ ಸೇರಿಸ್ಬೇಕು ತಾತ. ಹುಟ್ಟಿದ ಸರ್ಟಿಫಿಕೇಟ್ ಕೇಳ್ತಾರೆ. ಕೆಲಸ ಬಿಟ್ಟು ಬಂದಿದ್ದೀನಿ."

"ಕಂಪ್ಯೂಟರ್ ಉಪವಾಸ ಇದೆಯಪ್ಪ, ಮಾತಾಡಿಸಬಾರ್ದು."

ಮೇಸ್ತ್ರಿ ಗೇಟಿನ ಸಂದಿಯಿಂದ ಒಳಗೆ ಇಣುಕಿದ. ಆರು ಕೌಂಟರಿನ ಮುಂದೆ ಒಬ್ಬನೂ ಇಲ್ಲ, ಬೆಂಚುಗಳು ಖಾಲಿ, ಜನನದಕ್ಕ ಸ್ವೆಟರ್ ಹೆಣೆಯುತ್ತಿದ್ದಾಳೆ. ಅವನು ಬಟ್ಟೆ ಮತ್ತೆ ತಲೆಗೆ ಸುತ್ತಿಕೊಂಡು ಹೋದ.

ಆದರೆ ಅಳೆಯಲು ಯಾವುದಾದರೂ ಸರ್ಟಿಫಿಕೇಟ್ ತೆಗೆಯಲೇಬೇಕಲ್ಲ? ಪ್ಲಗ್ಗಣ್ಣ ತನ್ನದೇ ಜನನ ಪ್ರಮಾಣಪತ್ರ ತೆಗೆದ. ಮತ್ತೆ ತೆಗೆದ. ಆ ಒಂದು ವಾರದಲ್ಲಿ ಅವನು ಐವತ್ತು ಸಲ ಹುಟ್ಟಿದ. ಪ್ರತಿ ಸಲವೂ ಮೂರೇ ಸೆಕೆಂಡಿನಲ್ಲಿ. ಅವನ ತಾಯಿ ಪಟ್ಟ ಕಷ್ಟಕ್ಕೆ ಹೋಲಿಸಿದರೆ ಅದು ದೊಡ್ಡ ಸಾಧನೆಯೇ.

ವರದಿ ಹೋಯಿತು: ಬೇಸ್‌ಲೈನ್, ಮೂರು ಸೆಕೆಂಡ್.

ಮುಖ್ಯ ಕಚೇರಿಯಲ್ಲಿ ಹಬ್ಬವೋ ಹಬ್ಬ. ಅಷ್ಟು ಹಳೆಯ ಯಂತ್ರದಲ್ಲಿ ಮೂರು ಸೆಕೆಂಡ್! ಗ್ರಾಫ್ ಮೇಡಂ ಫೋನು ಮಾಡಿ ಅಭಿನಂದಿಸಿದರು. ಸಾಹೇಬರು ಪ್ಲಗ್ಗಣ್ಣನ ಬೆನ್ನು ಎಷ್ಟು ತಟ್ಟಿದರೆಂದರೆ ಅವನಿಗೆ ಕೆಮ್ಮು ಹತ್ತಿತು. ಉಳಿದ ಎಲ್ಲ ಕಚೇರಿಗಳಿಗೂ ಸುತ್ತೋಲೆ ಹೋಯಿತು: ಅವರಿಂದ ಸಾಧ್ಯವಾದದ್ದು ನಿಮ್ಮಿಂದ ಯಾಕಿಲ್ಲ?

ಸಂಜೆಯೊಳಗೆ ಪ್ಲಗ್ಗಣ್ಣನ ಫೋನು ಬಡಿದುಕೊಳ್ಳತೊಡಗಿತು. ಎಲ್ಲ ಕಚೇರಿಯ ಕಂಪ್ಯೂಟರಿನವರೂ ಸಾಲಾಗಿ ಬೈದರು.

"ಲೇ ಪ್ಲಗ್ಗು, ನಿನ್ನ ಮೂರು ಸೆಕೆಂಡಿಗೆ ಬೆಂಕಿ ಹಾಕ! ನಮ್ಮದು ಅರವತ್ತೈದು ಕಣೋ. ನಮ್ಮ ಸಾಹೇಬ್ರು ನನ್ನನ್ನ ಬಿಸಿಲಲ್ಲಿ ನಿಲ್ಲಿಸಿದ್ದಾರೆ!"

"ನಮ್ಮದು ಐವತ್ತೆರಡಪ್ಪಾ. ಅದೇನು ಮದ್ದು ಹಾಕಿದೆ, ನಮಗೂ ಸ್ವಲ್ಪ ಕೊಡು."

"ಸಾಧನೆ ಬೇಕು, ಸಾಧನೆ," ಎಂದು ಗಂಭೀರವಾಗಿ ಹೇಳಿ ಪ್ಲಗ್ಗಣ್ಣ ಫೋನಿಟ್ಟ. ಆ ಗಾಂಭೀರ್ಯಕ್ಕೆ ಆಯುಸ್ಸು ಸೋಮವಾರ ಹತ್ತು ಗಂಟೆಯವರೆಗೆ.

ಸೋಮವಾರ ಗೇಟು ತೆಗೆದರೆ ಎರಡು ವಾರದ ಜನ. ಹುಟ್ಟಿದ ಮಕ್ಕಳನ್ನು ಎತ್ತಿಕೊಂಡವರು, ಸತ್ತವರ ಫೋಟೋ ಹಿಡಿದವರು, ಗಾರೆ ಮೇಸ್ತ್ರಿ, ಎಲ್ಲ ಒಟ್ಟಿಗೆ ಒಳಗೆ ನುಗ್ಗಿದರು. ಆರೂ ಕೌಂಟರಿನವರು ಒಟ್ಟಿಗೇ ಗುಂಡಿ ಒತ್ತಿದರು. ವಾರದ ನಿದ್ದೆಯಲ್ಲಿದ್ದ ಅಜ್ಜಪ್ಪ ಗಾಬರಿಯಿಂದ ಗೊರಗೊರ ಅಂದ. ನಾಲ್ಕನೇ ಸೆಕೆಂಡಿಗೆ ಹಳದಿ. ಏಳನೆಯದಕ್ಕೆ ಕೆಂಪು. ಆಮೇಲೆ ಸೈರನ್.

ಏನು ಕೂಗು ಅದು! ಕಿಟಕಿಯ ಗಾಜು ಗದಗುಟ್ಟಿತು. ಹಸುಗೂಸುಗಳು ಸೈರನ್ನಿನ ಜೊತೆ ಪೈಪೋಟಿಗೆ ಬಿದ್ದವು. ಒಂದು ಸರ್ಟಿಫಿಕೇಟ್ ಬಂದು ಸೈರನ್ ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದಕ್ಕೆ ಮತ್ತೆ ಕೂಗು. ಪಕ್ಕದ ಔಷಧಿ ಅಂಗಡಿಯವನು ಒಳ್ಳೆಯ ಮನುಷ್ಯ. ಬೆಂಕಿಯೇ ಬಿತ್ತು ಅಂದುಕೊಂಡು ಅಗ್ನಿಶಾಮಕ ದಳಕ್ಕೆ ಫೋನು ಮಾಡಿದ. ಗಂಟೆ ಬಾರಿಸುತ್ತ ಕೆಂಪು ಲಾರಿ ಬಂತು. ಹೆಲ್ಮೆಟ್ ಹಾಕಿದ ದಪ್ಪ ಮನುಷ್ಯ ಪೈಪು ಹೆಗಲಿಗೇರಿಸಿ ಒಳಗೆ ನುಗ್ಗಿದ.

"ಎಲ್ರೀ ಬೆಂಕಿ?"

"ಬೆಂಕಿ ಇಲ್ಲ ಸಾರ್, ಬೇಸ್‌ಲೈನು," ಅಂದ ಪ್ಲಗ್ಗಣ್ಣ.

"ಅದು ಹತ್ಕೊಂಡ್ರೆ ನೀರು ಹಾಕ್ಬೇಕಾ, ನೊರೆ ಹಾಕ್ಬೇಕಾ?"

"ಏನೂ ಹಾಕ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ!"

ದಪ್ಪ ಮನುಷ್ಯ ಸುತ್ತ ನೋಡಿದ. ಬಂದದ್ದು ಬಂದಾಯಿತು ಎಂದುಕೊಂಡು ಪೈಪು ಗೋಡೆಗೊರಗಿಸಿ, ತನ್ನ ಮೊಮ್ಮಗನ ಸರ್ಟಿಫಿಕೇಟಿಗೆ ಸಾಲಿನಲ್ಲಿ ನಿಂತ. ಆ ದಿನ ಮಧ್ಯಾಹ್ನದ ಹೊತ್ತಿಗೆ ಸಾಹೇಬರು ತಲೆನೋವು ತಾಳದೆ ಬಾಗಿಲು ಮುಚ್ಚಿಸಿದರು. ಮೇಸ್ತ್ರಿಯ ಸರದಿಗೆ ಇನ್ನೂ ಹತ್ತು ಜನ ಬಾಕಿ ಇದ್ದರು.

ವಾರ ಪೂರ್ತಿ ಇದೇ ಕಥೆ: ಗುಂಡಿ ಒತ್ತಿದ ಕೂಡಲೇ ಸೈರನ್, ಆಮೇಲೆ ತಲೆನೋವು, ಆಮೇಲೆ ಬಾಗಿಲು. ಸೈರನ್ನಿನ ಒಂದೊಂದು ಕೂಗೂ ಮುಖ್ಯ ಕಚೇರಿಯ ಗ್ರಾಫಿನಲ್ಲಿ ಒಂದೊಂದು ಗೆರೆಯಾಗಿ ಏಳುತ್ತಿತ್ತು. ಶುಕ್ರವಾರ ನೋಟೀಸು ಬಂತು. ಮೂರು ಸೆಕೆಂಡಿನ ಯಂತ್ರ ನಲವತ್ತಕ್ಕೆ ಹೇಗೆ ಬಿತ್ತು? ಯಂತ್ರ ಅದೇ, ಕೋಣೆ ಅದೇ, ಅಂದಮೇಲೆ ಕೆಡಿಸಿದ್ದು ಮನುಷ್ಯ. ಜೊತೆಗೆ ಎರಡು ಕಾಗದ. ಒಂದರಲ್ಲಿ 'ನನ್ನ ನಿರ್ಲಕ್ಷ್ಯದಿಂದ ಯಂತ್ರದ ವೇಗ ಕುಸಿದಿದೆ' ಎಂದು ಟೈಪು ಮಾಡಿ, ಕೆಳಗೆ ಪ್ಲಗ್ಗಣ್ಣ ಸಹಿ ಹಾಕಲು ಜಾಗ ಬಿಟ್ಟಿದ್ದರು. ಇನ್ನೊಂದು ವರ್ಗದ ಆದೇಶ: ಪ್ಲಗ್ಗಣ್ಣ ಉಗ್ರಾಣಕ್ಕೆ, ಮುರಿದ ಕುರ್ಚಿಗಳ ಲೆಕ್ಕ ಬರೆಯಲು. ಅಜ್ಜಪ್ಪ ಗುಜರಿಗೆ. ಸೋಮವಾರ ಗ್ರಾಫ್ ಮೇಡಂ ಖುದ್ದಾಗಿ ಬಂದು ನೋಡುತ್ತಾರೆ. ಯಂತ್ರ ಮೂರಕ್ಕೆ ಮರಳಿದ್ದರೆ ಸರಿ, ಇಲ್ಲದಿದ್ದರೆ ಎರಡೂ ಕಾಗದ ಜಾರಿ.

ಪ್ಲಗ್ಗಣ್ಣನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಸಾಹೇಬರು ಮಾತ್ರ ಹಗುರವಾಗಿದ್ದರು.

"ಅಳಬೇಡ ಕಣಯ್ಯಾ. ಸೋಮವಾರ ಮತ್ತೊಂದ್ಸಲ ಉಪವಾಸ ಹಾಕಿದ್ರಾಯ್ತು. ಗೇಟು ಮುಚ್ಚು, ಮೂರು ತೋರಿಸು, ಮೇಡಂನ ಕಳಿಸು."

"ಆಮೇಲೆ ಸಾರ್?"

"ಆಮೇಲೆ ಅವರು ಬಂದಾಗೆಲ್ಲ ಉಪವಾಸ."

ಮನೆಗೆ ಬಂದು ಪ್ಲಗ್ಗಣ್ಣ ಊಟದ ತಟ್ಟೆಯ ಮುಂದೆ ಎಲ್ಲ ಹೇಳಿದ. ಹೆಂಡತಿ ಸೌಟು ಹಿಡಿದೇ ಕೇಳಿಸಿಕೊಂಡಳು.

"ರೀ, ನೆಂಟರು ಬರೋ ದಿನ ನಮ್ಮನೆ ಹೇಗಿರುತ್ತೆ?"

"ಕನ್ನಡಿ ಥರ."

"ಹಾಸಿಗೆ ಕೆಳಗೆ?"

ಹಾಸಿಗೆ ಕೆಳಗೆ ಏನೇನು ತಳ್ಳಿರುತ್ತಾರೆ ಎಂಬುದು ಪ್ಲಗ್ಗಣ್ಣನಿಗೆ ಗೊತ್ತಿತ್ತು. ಒಮ್ಮೆ ಅವನ ಚಪ್ಪಲಿ ಅಲ್ಲಿಂದ ಮೂರು ತಿಂಗಳ ಮೇಲೆ ಸಿಕ್ಕಿತ್ತು.

"ಆ ದಿನದ ಮನೆ ನೋಡಿ, ದಿನಾ ಹೀಗೇ ಇಟ್ಕೋ ಅಂತ ಯಾರಾದ್ರೂ ನನಗೆ ನೋಟೀಸು ಕೊಟ್ರೆ, ನಾನು ಸಹಿ ಹಾಕಲ್ಲ. ಪೊರಕೇನ ಅವರ ಕೈಗೇ ಕೊಡ್ತೀನಿ."

ಗೋಡೆಗೊರಗಿ ಕೂತಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಸೇರಿಸಿದರು. "ಆ ಮುದುಕನ್ನ ಉಪವಾಸ ಕೆಡವಿ ಓಡ್ಸಿದ್ರಿ. ಈಗ ಹೊಟ್ಟೆ ತುಂಬಿದ ಮೇಲೆ ಓಡಲ್ಲ ಅಂತ ಗುಜರಿಗೆ ಹಾಕ್ತೀರಿ. ಅಲ್ಲ ಅಳಿಯಂದಿರೇ, ತಪ್ಪು ಮುದುಕನದ್ದಾ, ಉಪವಾಸ ಹಾಕ್ದೋನದ್ದಾ?"

ಅನ್ನ ಪ್ಲಗ್ಗಣ್ಣನ ಗಂಟಲಲ್ಲಿ ನಿಂತಿತು. ನೀರು ಕುಡಿದ. ಇಳಿಯಲಿಲ್ಲ. ಸೋಮವಾರದವರೆಗೂ ಅದು ಅಲ್ಲೇ ಇತ್ತು ಎಂದು ಅವನು ಈಗಲೂ ಆಣೆ ಮಾಡಿ ಹೇಳುತ್ತಾನೆ.

ಸೋಮವಾರ ಒಂಬತ್ತೂವರೆಗೆ ಪ್ಲಗ್ಗಣ್ಣ ಕಚೇರಿಗೆ ಬಂದರೆ ಗೇಟು ಮುಚ್ಚಿತ್ತು. ಹೊರಗೆ ನೂರೈವತ್ತು ಜನ. ಒಳಗೆ ಜನನದಕ್ಕ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸುತ್ತಿದ್ದಳು. ಗೇಟಿನ ಮುಂದೆ ಗಾರೆ ಮೇಸ್ತ್ರಿಗೂ ತಾತನಿಗೂ ಜೋರು ಜಗಳ ನಡೆದಿತ್ತು.

"ಇವತ್ತು ಮೂರು ಗಂಟೆಗೆ ಶಾಲೆಯವರು ಪಟ್ಟಿ ಮುಚ್ಚುತ್ತಾರೆ. ನನ್ನ ಮಗಳು ಹುಟ್ಟಿದಾಳೆ ಅಂತ ನನಗೆ ಗೊತ್ತು, ಅವಳಮ್ಮನಿಗೆ ಗೊತ್ತು, ಬೀದಿಗೆಲ್ಲ ಗೊತ್ತು. ಅವರಿಗೆ ಮಾತ್ರ ಗೊತ್ತಿಲ್ಲ. ಒಳಗೆ ಬಿಡು ತಾತ!"

"ಮುಂದಿನ ವಾರ..."

"ಇವತ್ತೇ," ಅಂದಿತು ಒಂದು ದನಿ. ಯಾರದು ಎಂದು ಎಲ್ಲರೂ ತಿರುಗಿದರು. ಪ್ಲಗ್ಗಣ್ಣನೂ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ದನಿ ಅವನದೇ.

"ತಾತ, ಚಿಲಕ ತೆಗಿ."

"ಸಾಹೇಬ್ರು ಹೇಳಿದ್ದಾರೆ ಪ್ಲಗ್ಗಣ್ಣ."

"ಬೇಸ್‌ಲೈನ್ ಅಧಿಕಾರಿ ಹೇಳ್ತಿದ್ದೀನಿ, ತೆಗಿ!"

ತಾತ ಮೂವತ್ತು ವರ್ಷ ಆಜ್ಞೆ ಕೇಳಿ ಬೆಳೆದವನು. ಕೊನೆಗೆ ಜೋರಾಗಿ ಹೇಳಿದವರ ಆಜ್ಞೆಯೇ ಅವನಿಗೆ ಆಜ್ಞೆ. ಚಿಲಕ ತೆಗೆದ. ಜನ ನುಗ್ಗಿದರು, ಜಗಳದಲ್ಲಿ ತಿರುಗಿ ನಿಂತಿದ್ದ ಮೇಸ್ತ್ರಿ ಸಾಲಿನ ಕಟ್ಟಕಡೆಗೆ ಬಿದ್ದ.

ಪ್ಲಗ್ಗಣ್ಣ ಒಳಗೆ ಹೋಗಿ ಜನನದಕ್ಕನ ಬಟ್ಟೆಗಳನ್ನು ಒಂದೊಂದಾಗಿ ಕಿತ್ತ.

"ಅಯ್ಯೋ, ತಲೆ ಕೆಟ್ಟಿದೆಯಾ ನಿನಗೆ? ಮೇಡಂ ಬರೋ ಹೊತ್ತು!"

"ಬರ್ಲಿ ಅಕ್ಕಾ. ನಾವು ದಿನಾ ಹೇಗಿರ್ತೀವೋ ಹಾಗೇ ನೋಡ್ಲಿ. ನಿನ್ನ ಮೂರೂ ಕೌಂಟರು ಓಡ್ಲಿ. ಮರಣದಣ್ಣಾ, ನಿಂದೂ ಅಷ್ಟೇ. ಎರಡು ವಾರದಿಂದ ಸತ್ತವರನ್ನ ಬಾಕಿ ಇಟ್ಕೊಂಡಿದ್ದೀಯ, ಶುರು ಹಚ್ಕೋ."

ಹತ್ತು ಗಂಟೆಗೆ ಗ್ರಾಫ್ ಮೇಡಂ ಬಾಗಿಲಲ್ಲಿ ಕಾಲಿಟ್ಟದ್ದೂ ಸೈರನ್ ಕೂಗಿದ್ದೂ ಒಂದೇ ಗಳಿಗೆ. ಅವರದೇ ಪೆಟ್ಟಿಗೆ, ಅವರ ಸ್ವಾಗತಕ್ಕೇ ಕೂಗಿದ ಹಾಗೆ. ಮೇಡಂ ಏನೋ ಹೇಳಿದರು, ಕೇಳಲಿಲ್ಲ. ಪ್ಲಗ್ಗಣ್ಣ ಏನೋ ಉತ್ತರ ಕೊಟ್ಟ, ಅದೂ ಕೇಳಲಿಲ್ಲ. ಇಬ್ಬರೂ ಕಿರುಚತೊಡಗಿದರು.

"ಮೂರು ಎಲ್ರೀ?"

"ಮೂರು ಇಲ್ಲ ಮೇಡಂ!"

"ಹಾಗಾದ್ರೆ ಸಹಿ ಹಾಕಿ!"

"ಹಾಕಲ್ಲ ಮೇಡಂ!"

"ಏನಂದ್ರಿ?"

"ಹಾಕಲ್ಲ ಅಂದೆ! ಆ ಮೂರು ಸುಳ್ಳು!"

ಸಾಹೇಬರು ಕೋಣೆಯಿಂದ ಓಡಿ ಬಂದು ಪ್ಲಗ್ಗಣ್ಣನ ಕಿವಿಗೆ ಬಾಯಿ ಹಚ್ಚಿದರು. ಸೈರನ್ನಿನ ಅಬ್ಬರದಲ್ಲಿ ಗುಟ್ಟು ಹೇಳುವುದೆಂದರೆ ಗಂಟಲು ಹರಿದು ಹೇಳಬೇಕು. ಸಾಹೇಬರು ಗಂಟಲು ಹರಿಯುವಂತೆ ಗುಟ್ಟು ಹೇಳಿದರು. ಸರಿಯಾಗಿ ಅದೇ ಕ್ಷಣಕ್ಕೆ ಸೈರನ್ ನಿಂತಿತು.

"ಅಳತೆ ವಾರ ನಾನೇ ಗೇಟು ಮುಚ್ಚಿಸಿದ್ದು ಅಂತ ಮೇಡಂಗೆ ಹೇಳಿದ್ರೆ ನೋಡು!"

ಮಾತು ಹಜಾರದ ಮೂಲೆಮೂಲೆಗೂ ಕೇಳಿತು. ಹಸುಗೂಸೊಂದು ಬಿಕ್ಕಿತು. ಸಾಹೇಬರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಗ್ರಾಫ್ ಮೇಡಂ ನಿಧಾನವಾಗಿ ಸಾಲಿನತ್ತ ತಿರುಗಿದರು. "ಆ ವಾರ ಇಲ್ಲಿಗೆ ಬಂದು ವಾಪಸ್ ಹೋದವರು ಯಾರಾದ್ರೂ ಇದ್ದೀರಾ?"

ನೂರೈವತ್ತರಲ್ಲಿ ನೂರು ಕೈ ಮೇಲೆದ್ದವು. ಮೇಸ್ತ್ರಿ ಎರಡೂ ಕೈ ಎತ್ತಿದ.

"ಕಂಪ್ಯೂಟರ್ ಉಪವಾಸ ಇದೆ ಅಂದ್ರು ಮೇಡಂ," ಅಂದ.

"ಏನಿದೆ?"

ಪ್ಲಗ್ಗಣ್ಣ ಮುಂದೆ ಬಂದ. "ಉಪವಾಸ ಮೇಡಂ. ರಕ್ತ ಪರೀಕ್ಷೆ ಥರ ಖಾಲಿ ಹೊಟ್ಟೇಲಿ ಅಳೀಬೇಕು ಅನ್ಕೊಂಡ್ವಿ. ಅಕ್ಕ ಕೈಯಲ್ಲಿ ಬರೆದ್ಲು, ಅಣ್ಣ ಬರೀಲೇ ಇಲ್ಲ, ತಾತ ಜನರನ್ನ ಓಡ್ಸಿದ. ನಾನೊಬ್ಬನೇ ಐವತ್ತು ಸಲ ಹುಟ್ಟಿದೆ. ಇದು ನಾಲ್ಕು ಜನ ಸೇರಿ ಮಾಡಿದ ದಡ್ಡತನ, ಅದಕ್ಕೆ ಬೇಕಾದ್ರೆ ನೂರು ಸಹಿ ಹಾಕ್ತೀನಿ. ಆದ್ರೆ ನಿಮ್ಮ ಕಾಗದದಲ್ಲಿ ಯಂತ್ರ ಕೆಟ್ಟಿದೆ ಅಂತಿದೆ. ಅದು ಕೆಟ್ಟಿಲ್ಲ. ಅಜ್ಜಪ್ಪ ಯಾವತ್ತೂ ಹೀಗೇ ಇದ್ದ. ನಾವು ಯಾವತ್ತೂ ಕೇಳಿರ್ಲಿಲ್ಲ, ಅಷ್ಟೇ."

"ಒಂದ್ಸಲ ಹಾಕಿದ ಬೇಸ್‌ಲೈನ್ ಬದಲಾಯಿಸೋಕೆ ಬರಲ್ರೀ. ಮೇಲಿನವರಿಗೆಲ್ಲ ಮೂರು ಅಂತ ಹೇಳಾಗಿದೆ!"

"ಹಾಗಾದ್ರೆ ಈ ಜನರನ್ನೆಲ್ಲ ಬದಲಾಯಿಸಿ ಮೇಡಂ. ಮೂರು ಸೆಕೆಂಡ್ ಬೇಕಂದ್ರೆ ಇವರು ಯಾರೂ ಹುಟ್ಟಬಾರ್ದು, ಯಾರೂ ಸಾಯಬಾರ್ದು. ಹೇಳಿ ಅವರಿಗೆ."

ಸಾಲಿನಿಂದ ಗೊಳ್ಳನೆ ನಗು ಎದ್ದಿತು. ಮೇಡಂ ನಗಲಿಲ್ಲ. ಸಾಲನ್ನು ನೋಡಿದರು, ಗೆರೆಗಳ ಕಾಗದ ನೋಡಿದರು. ಕುರ್ಚಿಯೊಂದನ್ನು ಎಳೆದು ಅಜ್ಜಪ್ಪನ ಕೋಣೆಯ ಬಾಗಿಲಲ್ಲಿ ಕೂತರು.

"ಅಳೀರಿ. ನನ್ನ ಕಣ್ಣೆದುರಿಗೆ. ಮೊದಲು ಆ ಸೈರನ್ ತಂತಿ ಕಿತ್ತು ಹಾಕಿ, ದೀಪ ಸಾಕು."

ಕಿತ್ತು ಹಾಕುವುದು ಪ್ಲಗ್ಗಣ್ಣನಿಗೆ ಬರುತ್ತಿದ್ದ ವಿದ್ಯೆಯೇ. ಆಮೇಲೆ ಶುರುವಾಯಿತು ನೋಡಿ ಅಳತೆ. ಮೇಡಂ ಗಡಿಯಾರ ಹಿಡಿದರು, ಪ್ಲಗ್ಗಣ್ಣ ಗೋಡೆಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ. ಮೂವತ್ತೆಂಟು. ನಲವತ್ತನಾಲ್ಕು. ನಲವತ್ತು. ಜನನದಕ್ಕ ಸಿಡಿಮಿಡಿಗೊಳ್ಳುತ್ತಲೇ ಗುಂಡಿ ಒತ್ತಿದಳು. ಮರಣದಣ್ಣ ಎರಡು ವಾರದ ಸತ್ತವರನ್ನೆಲ್ಲ ಒಂದೇ ಉಸಿರಿಗೆ ಮುಗಿಸುತ್ತ ಬಂದ. ಗೇಟಿನ ತಾತ ಸಾಲಿಗೆ ನೀರು ಕೊಟ್ಟ. ಒಂದೂವರೆ ಹೊತ್ತಿಗೆ ಹಲಗೆ ತುಂಬಿತು. ಮೇಡಂ ಕೂಡಿಸಿ, ಭಾಗಿಸಿ, ಇನ್ನೊಂದು ಸಲ ಕೂಡಿಸಿ ಭಾಗಿಸಿದರು.

"ನಲವತ್ತೊಂದು," ಅಂದರು ಸಣ್ಣ ದನಿಯಲ್ಲಿ.

"ನಲವತ್ತೊಂದು!" ಎಂದು ಪ್ಲಗ್ಗಣ್ಣ ಹಜಾರಕ್ಕೆಲ್ಲ ಕೇಳುವಂತೆ ಕೂಗಿದ. "ಕೇಳ್ಸಿಕೊಳ್ಳಿ ಎಲ್ರೂ! ಗುಂಡಿ ಒತ್ತಿದ ಮೇಲೆ ನಲವತ್ತೊಂದು ಸೆಕೆಂಡ್ ಆಗುತ್ತೆ. ಅದು ನಮ್ಮ ನಿಜ. ಬೇಜಾರಾದ್ರೆ ನನ್ನನ್ನ ಬೈರಿ, ಅಜ್ಜಪ್ಪನ್ನ ಬೈಬೇಡಿ!"

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಪಕ್ಕದವಳನ್ನು ತಿವಿದಳು. "ಬರೀ ನಲವತ್ತೊಂದಾ? ನಾನು ಅರ್ಧ ದಿನ ಆಗುತ್ತೆ ಅನ್ಕೊಂಡು ಬುತ್ತಿ ಕಟ್ಕೊಂಡು ಬಂದೆನಲ್ಲೇ!"

ಮೇಡಂ ಪೆಟ್ಟಿಗೆಯಲ್ಲಿ ಮೂರನ್ನು ಅಳಿಸಿ ನಲವತ್ತೊಂದು ಹಾಕಿದರು. ಆ ಹೊತ್ತಿಗೆ ಕೌಂಟರಿಗೆ ಬಂದವನು ಗಾರೆ ಮೇಸ್ತ್ರಿ. ಗೋಡೆಯ ಗಡಿಯಾರದಲ್ಲಿ ಎರಡಾಗುತ್ತ ಬಂದಿತ್ತು. ಜನನದಕ್ಕ ಮಗಳ ಹೆಸರು ಬರೆದು ಗುಂಡಿ ಒತ್ತಿದಳು.

"ಒಂದು," ಅಂದ ಮೇಸ್ತ್ರಿ, ತನಗೆ ತಾನೇ. "ಎರಡು, ಮೂರು..."

ತಡವಾಗಿ ಬಂದು ಅವನ ಹಿಂದೆ ನಿಂತವರು ಸೇರಿಕೊಂಡರು. ಹತ್ತಕ್ಕೆ ಸಾಲಿನ ಅರ್ಧ ಎಣಿಸುತ್ತಿತ್ತು. ಇಪ್ಪತ್ತಕ್ಕೆ ಸತ್ತವರ ಕಡೆಯವರೂ ಈ ಕಡೆ ಬಂದರು. ಮೂವತ್ತಕ್ಕೆ ಗಾಜು ಗದಗುಟ್ಟಿತು. ಔಷಧಿ ಅಂಗಡಿಯವನು ಮತ್ತೆ ಫೋನಿಗೆ ಕೈ ಹಾಕಿದನಂತೆ. ಒಳಗೆ ಅಜ್ಜಪ್ಪ ಜೀವಮಾನದಲ್ಲೇ ಅನ್ನದಷ್ಟು ಗೊರಗೊರ ಅಂದ. ಮೂವತ್ತೇಳು! ಮೂವತ್ತೆಂಟು! ಮೇಡಂ ತುಟಿಯೂ ಅಲ್ಲಾಡುತ್ತಿತ್ತು. ಮೂವತ್ತೊಂಬತ್ತಕ್ಕೆ ಪ್ರಿಂಟರ್ ಕಿರ್ ಅಂದು ಕಾಗದ ಉಗುಳಿತು.

ಹಸಿರು ದೀಪ!

ಎರಡು ಸೆಕೆಂಡ್ ಮುಂಚೆ! ಜನ ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಮುದುಕಿ ಬುತ್ತಿ ಬಿಚ್ಚಿ ಹಂಚಿದಳು. ಮೇಸ್ತ್ರಿ ಕಾಗದ ಎದೆಗೆ ಒತ್ತಿಕೊಂಡು ಗೇಟು ದಾಟಿ ಓಡಿದ ವೇಗ ಮಾತ್ರ ಯಾರೂ ಅಳೆಯಲಿಲ್ಲ.

ಮೇಡಂ ಸಹಿಯ ಕಾಗದವನ್ನು ಪ್ಲಗ್ಗಣ್ಣನ ಮುಂದಿಟ್ಟರು. ಅವನು ಟೈಪು ಮಾಡಿದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು, ಕೆಳಗೆ '೪೧, ಇದು ನಮ್ಮ ನಿತ್ಯದ ಅಳತೆ' ಎಂದು ಬರೆದು, ದೊಡ್ಡದಾಗಿ ಸಹಿ ಹಾಕಿ ಕೊಟ್ಟ.

"ಇದನ್ನ ಮೇಲೆ ತಗೊಂಡು ಹೋದ್ರೆ ಕೂಗಾಡ್ತಾರೆ ರೀ," ಅಂದರು ಮೇಡಂ.

"ಕೂಗಾಡ್ಲಿ ಮೇಡಂ. ಒಂದು ವಾರ ಆ ಸೈರನ್ ಕೇಳಿದ್ದೀವಿ, ಇನ್ಯಾರ ಕೂಗಿಗೆ ಹೆದರೋಣ?"

ಮೇಡಂ ಕಾಗದ ಮಡಿಸಿ ಚೀಲಕ್ಕೆ ಹಾಕಿದರು. ಆಮೇಲೆ ಕೇಳಿದರು. "ಬೇರೆ ಕಚೇರಿಗಳದ್ದು ನಿಜವಾಗ್ಲೂ ಎಷ್ಟು? ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನು? ಎಲ್ರೂ ನನಗೆ ಫೋನು ಮಾಡಿ ಬೈದಿದ್ದಾರಲ್ಲ. ಬರ್ಕೊಳ್ಳಿ. ಒಂದು ಅರವತ್ತೈದು, ಇನ್ನೊಂದು ಐವತ್ತೆರಡು..."

ಮೇಡಂ ಚೀಲದಲ್ಲಿ ಖಾಲಿ ಕಾಗದ ಹುಡುಕಿದರು. ಸಿಗಲಿಲ್ಲ. ಕೈಗೆ ಬಂದದ್ದು ವರ್ಗದ ಆದೇಶ. ಅದನ್ನೇ ಮಗುಚಿ ಹಾಕಿ, ಬೆನ್ನ ಮೇಲೆ ಬರೆಯತೊಡಗಿದರು: ಅರವತ್ತೈದು, ಐವತ್ತೆರಡು, ಎಪ್ಪತ್ತು. ಉಗ್ರಾಣದ ಮುರಿದ ಕುರ್ಚಿಗಳು ಪ್ಲಗ್ಗಣ್ಣನನ್ನು ಇವತ್ತಿಗೂ ಕಾಯುತ್ತಿವೆ.

ಬಾಗಿಲಲ್ಲಿ ನಿಂತು ಸಾಹೇಬರು ಕೊನೆಯ ಆಸೆಯಿಂದ ಕೇಳಿದರು. "ಅಲ್ಲಯ್ಯಾ, ಯಾರಾದ್ರೂ ಮೂರು ಸೆಕೆಂಡೇ ಬೇಕು ಅಂತ ಹಟ ಹಿಡಿದ್ರೆ?"

"ಭಾನುವಾರ ಬರೋಕೆ ಹೇಳಿ ಸಾರ್, ಬಾಗಿಲು ಮುಚ್ಚಿರುತ್ತೆ," ಎಂದು ಪ್ಲಗ್ಗಣ್ಣ ತನ್ನ ಕುರ್ಚಿ ಎಳೆದುಕೊಂಡು ಕೂತ. "ಯಾರಮ್ಮಾ ಮುಂದಿನವರು? ಬನ್ನಿ, ಎಣಿಸೋಕೆ ಶುರು ಮಾಡಿ!"